ಗ್ರೀನ್ ಟೀ ಆರಿಸುವುದು ಹೇಗೆ: ಬಾಣಲೆಯ ಎಲೆ, ಹಬೆಯ ಎಲೆ, ನಮ್ಮ ಬೆಟ್ಟಗಳ ಎಲೆ

ಗ್ರೀನ್ ಟೀ ಕುಡಿದು ನೋಡಿ ಬಿಟ್ಟವರನ್ನು ಕೇಳಿ. ಹೆಚ್ಚಿನವರು ಹೇಳುವುದು ಒಂದೇ: ಕಹಿ, ಒಗರು, ಬಾಯಿ ಒಣಗಿದ ಹಾಗಾಗುತ್ತದೆ. ಅವರ ಮಾತು ನಿಜವೇ. ಆದರೆ ಆ ಕಹಿಗೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಕೊತಕೊತ ಕುದಿಯುವ ನೀರು. ಇನ್ನೊಂದು, ಎಲೆಯ ಬದಲು ಎಲೆಯ ಪುಡಿ ತುಂಬಿದ ಬ್ಯಾಗು. ಇವೆರಡನ್ನು ಸರಿಮಾಡಿ ಕೊಟ್ಟರೆ ಬೇಡ ಅಂದವರೇ ಎರಡನೇ ಲೋಟ ಕೇಳುತ್ತಾರೆ.

ಅಂಗಡಿಯಲ್ಲಿ ನಿಂತಾಗ ಆರಿಸುವುದು ಸುಲಭವಲ್ಲ. ನಿಂಬೆ-ಜೇನಿನ ಬ್ಯಾಗು, ತುಳಸಿ ಬೆರೆಸಿದ್ದು, ಊಟಿಯಿಂದ ತಂದ ಪ್ಯಾಕೆಟ್ಟು, ಪುಟ್ಟ ಡಬ್ಬಿಯಲ್ಲಿ ಮಾಚಾ, ಆನ್‌ಲೈನಿನಲ್ಲಿ ಸೆಂಚಾ, ಲಾಂಗ್‌ಜಿಂಗ್ ಅನ್ನುವ ಹೊಸ ಹೆಸರುಗಳು. ಎಲ್ಲದರ ಮೇಲೂ ‘ಗ್ರೀನ್ ಟೀ’ ಎಂದೇ ಬರೆದಿರುತ್ತದೆ. ರುಚಿಯಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಬ್ರ್ಯಾಂಡ್ ನೋಡುವ ಮೊದಲು, ಆರೋಗ್ಯದ ಮಾತು ಓದುವ ಮೊದಲು, ಒಂದು ವಿಷಯ ತಿಳಿದುಕೊಳ್ಳಿ ಎನ್ನುತ್ತೇನೆ. ಈ ಎಲೆಗೆ ಮೊದಲ ಶಾಖ ಸಿಕ್ಕಿದ್ದು ಬಾಣಲೆಯಲ್ಲೋ, ಹಬೆಯಲ್ಲೋ? ಇದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೊದಲ ಶಾಖ

ನಾವು ಹಾಲು ಹಾಕಿ ಕುಡಿಯುವ ಟೀ, ಊಲಾಂಗ್, ವೈಟ್ ಟೀ, ಗ್ರೀನ್ ಟೀ, ಎಲ್ಲವೂ ಒಂದೇ ಗಿಡದ ಎಲೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಚಿಗುರು ಕಿತ್ತ ಮೇಲೆ ಏನು ಮಾಡುತ್ತಾರೆ ಎನ್ನುವುದರ ಮೇಲೆ ಟೀ ಬದಲಾಗುತ್ತದೆ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಅದರೊಳಗಿನ ಕಿಣ್ವಗಳು ಕೆಲಸ ಶುರು ಮಾಡುತ್ತವೆ. ಹೆಚ್ಚಿಟ್ಟ ಸೇಬನ್ನು ಕಂದು ಮಾಡುವುದೂ ಇದೇ ಬಗೆಯ ಕಿಣ್ವ. ಹೀಗೆ ಪೂರ್ತಿ ಕಂದಾದ ಎಲೆಯಿಂದ ಕಪ್ಪು ಟೀ ಬರುತ್ತದೆ. ಗ್ರೀನ್ ಟೀ ಮಾಡುವವರು ಎಲೆ ಕಿತ್ತ ಸ್ವಲ್ಪ ಹೊತ್ತಿಗೇ ಜೋರು ಶಾಖ ಕೊಟ್ಟು ಆ ಕಿಣ್ವವನ್ನು ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಹಸಿರು ಉಳಿಯುತ್ತದೆ.

ಚೀನಾದಲ್ಲಿ ಈ ಶಾಖವನ್ನು ಹೆಚ್ಚಾಗಿ ಬಿಸಿ ಬಾಣಲೆಯಲ್ಲಿ ಕೊಡುತ್ತಾರೆ. ಜಪಾನಿನಲ್ಲಿ ಹಬೆಯಲ್ಲಿ. ಬಾಣಲೆಯಲ್ಲಿ ಹುರಿದ ಎಲೆಗೆ ಹುರಿದ ಬೀಜದ ಘಮ ಬರುತ್ತದೆ. ಲೋಟದಲ್ಲಿ ತಿಳಿ ಹಳದಿ ಬಣ್ಣ, ಹಗುರ ರುಚಿ, ಕೊನೆಯಲ್ಲಿ ಸಣ್ಣ ಸಿಹಿ. ಹಬೆಯಲ್ಲಿ ಬೆಂದ ಎಲೆ ಗಾಢ ಹಸಿರು. ಅದರಲ್ಲಿ ಸೊಪ್ಪಿನ ತಾಜಾತನ, ಕಡಲಪಾಚಿಯ ವಾಸನೆ, ನಾಲಿಗೆ ತುಂಬುವ ಒಂದು ದಪ್ಪ ರುಚಿ ಇರುತ್ತದೆ. ಜಪಾನೀಯರು ಇದನ್ನು ಉಮಾಮಿ ಎನ್ನುತ್ತಾರೆ.

ನಮ್ಮಲ್ಲಿ ಹೊಸದಾಗಿ ಶುರು ಮಾಡುವವರಿಗೆ ಬಾಣಲೆಯ ಎಲೆಯೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹುರಿದ ಘಮ ನಮ್ಮ ನಾಲಿಗೆಗೆ ಪರಿಚಿತ. ಕಡಲಪಾಚಿಯ ವಾಸನೆ ಪರಿಚಿತವಲ್ಲ. ಇನ್ನೊಂದು ಕಾರಣವೂ ಇದೆ. ನೀರಿನ ಬಿಸಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಾಣಲೆಯ ಎಲೆ ಸಹಿಸಿಕೊಳ್ಳುತ್ತದೆ. ಹಬೆಯಲ್ಲಿ ಬೆಂದ ಜಪಾನಿನ ಸೆಂಚಾ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಚೀನಾದ ಎಲೆಗಳು: ಲಾಂಗ್‌ಜಿಂಗ್‌ನಿಂದ ಗನ್‌ಪೌಡರ್‌ವರೆಗೆ

ಬಾಣಲೆಯ ಟೀಗಳಲ್ಲಿ ಮೊದಲು ಹೇಳಬೇಕಾದ್ದು ಲಾಂಗ್‌ಜಿಂಗ್. ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದಲ್ಲಿ ಪಶ್ಚಿಮ ಸರೋವರ ಎಂಬ ಹೆಸರಾಂತ ಕೆರೆ ಇದೆ. ಅದರ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎಲೆ ಇದು. ಕೆಲಸಗಾರರು ಬಿಸಿ ಬಾಣಲೆಗೆ ಬರಿಗೈ ಇಟ್ಟು ಎಲೆಯನ್ನು ಒತ್ತುತ್ತಾ, ಸವರುತ್ತಾ, ತಿರುವುತ್ತಾ ಚಪ್ಪಟೆ ಮಾಡುತ್ತಾರೆ. ಈಗ ಯಂತ್ರಗಳೂ ಬಂದಿವೆ. ಆದರೂ ಒಳ್ಳೆಯ ಎಲೆಗೆ ಕೈಯ ಕೆಲಸಕ್ಕೇ ಬೆಲೆ ಹೆಚ್ಚು.

ಲಾಂಗ್‌ಜಿಂಗ್‌ನಲ್ಲಿ ದಿನಾಂಕವೇ ದರ್ಜೆ. ಏಪ್ರಿಲ್ 5ರ ಆಸುಪಾಸಿನಲ್ಲಿ ಚೀನೀಯರು ತಮ್ಮ ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ಹಬ್ಬ ಬರುತ್ತದೆ. ಅದಕ್ಕೂ ಮೊದಲು ಕಿತ್ತ ಚಿಗುರು ಎಲ್ಲಕ್ಕಿಂತ ದುಬಾರಿ. ಚಳಿಗಾಲ ಪೂರ್ತಿ ಗಿಡ ಕೂಡಿಟ್ಟ ಸತ್ವ ಆ ಪುಟ್ಟ ಕುಡಿಗಳಲ್ಲಿರುತ್ತದೆ. ಒಗರು ಕಡಿಮೆ, ಸಿಹಿ ಜಾಸ್ತಿ. ಏಪ್ರಿಲ್ 20ರ ಹೊತ್ತಿಗೆ ಇನ್ನೊಂದು ಋತುಸಂಧಿ. ಅಲ್ಲಿಯವರೆಗೆ ಕಿತ್ತದ್ದು ಎರಡನೇ ದರ್ಜೆ. ಆಮೇಲಿನ ಎಲೆ ದೊಡ್ಡದು, ರುಚಿ ದಪ್ಪ, ಬೆಲೆ ಕಡಿಮೆ. ದಿನಾ ಕುಡಿಯುವವರು ಈ ಎರಡನೇ ದರ್ಜೆಯನ್ನೇ ನೋಡಬೇಕು. ಮೊದಲ ಕೊಯ್ಲಿನ ನವಿರು ರುಚಿ ಗೊತ್ತಾಗಲು ನಾಲಿಗೆ ಸ್ವಲ್ಪ ಪಳಗಿರಬೇಕು. ಮೊದಲ ಸಲಕ್ಕೇ ಅಷ್ಟು ದುಡ್ಡು ಸುರಿಯುವುದು ಬೇಡ.

ಒಂದು ಎಚ್ಚರಿಕೆ. ಲಾಂಗ್‌ಜಿಂಗ್ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಸರೋವರದ ದಂಡೆಯದ್ದಲ್ಲ. ಝೆಜಿಯಾಂಗ್ ಪ್ರಾಂತ್ಯದ ಬೇರೆ ಕಡೆಯೂ ಅದೇ ರೀತಿ ಮಾಡುತ್ತಾರೆ. ಬೇರೆ ಪ್ರಾಂತ್ಯಗಳಲ್ಲೂ ಅದೇ ಆಕಾರಕ್ಕೆ ಒತ್ತಿ ಮಾರುತ್ತಾರೆ. ಝೆಜಿಯಾಂಗ್‌ನದ್ದು ಎಂದು ಸ್ಪಷ್ಟವಾಗಿ ಬರೆದಿದ್ದರೆ, ಎಲೆ ಒಡೆಯದೆ ಚಪ್ಪಟೆಯಾಗಿದ್ದರೆ, ಮುರಿದಾಗ ಚಟ್ ಎಂದು ಒಣಗಿದ ಸದ್ದು ಬಂದರೆ ನಮ್ಮ ಮಟ್ಟಿಗೆ ಸಾಕು. ಬಣ್ಣದಲ್ಲಿ ಹಸಿರಿನ ಜೊತೆ ಸ್ವಲ್ಪ ಹಳದಿ ಇರುವುದು ಒಳ್ಳೆಯ ಗುರುತು. ತೀರಾ ಪಚ್ಚೆ ಹಸಿರಿದ್ದರೆ ಅನುಮಾನ ಪಡಿ.

ಇದನ್ನು ಮಾಡಲು ಪಾತ್ರೆ-ಪಗಡೆ ಏನೂ ಬೇಡ. ಹಾಂಗ್‌ಝೌನಲ್ಲಿ ಜನ ಎತ್ತರದ ಗಾಜಿನ ಲೋಟಕ್ಕೆ ಎಲೆ ಹಾಕಿ, ನೀರು ಹೊಯ್ದು, ಸೋಸದೇ ಕುಡಿಯುತ್ತಾರೆ. ಎಲೆ ನೆನೆದು ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಮೂರನೇ ಒಂದು ಭಾಗ ಉಳಿದಾಗ ಮತ್ತೆ ಬಿಸಿ ನೀರು. ಹೀಗೆ ಮೂರು ಸಲ. ಆಫೀಸಿನ ಮೇಜಿನ ಮೇಲೆ ಇದಕ್ಕಿಂತ ಸುಲಭದ ಟೀ ಇಲ್ಲ. 200 ಮಿಲಿ ಲೋಟಕ್ಕೆ 3 ಗ್ರಾಂ ಎಲೆ, 80 ಡಿಗ್ರಿ ನೀರು, ಎರಡು ನಿಮಿಷ ಕಾದು ಕುಡಿಯಲು ಶುರು ಮಾಡಿ.

ಲಾಂಗ್‌ಜಿಂಗ್ ಪಕ್ಕದಲ್ಲಿ ಇಡಬೇಕಾದ ಹೆಸರು ಬಿಲೋಚುನ್. ಸುಝೌ ಹತ್ತಿರ ತೈಹು ಎಂಬ ದೊಡ್ಡ ಸರೋವರದ ಅಂಚಿನ ಡೊಂಗ್‌ಟಿಂಗ್ ಗುಡ್ಡದ್ದು. ಹಣ್ಣಿನ ಮರಗಳ ನಡುವೆ ಬೆಳೆಯುತ್ತದೆ. ಕುಡಿ ಎಷ್ಟು ಪುಟ್ಟದೆಂದರೆ ಅರ್ಧ ಕಿಲೋ ಒಣ ಎಲೆಗೆ ಹತ್ತಾರು ಸಾವಿರ ಕುಡಿ ಬೇಕು. ಮೇಲೆ ಬೆಳ್ಳಗಿನ ನವಿರು ರೋಮ ಇರುತ್ತದೆ, ಬಸವನಹುಳುವಿನ ಚಿಪ್ಪಿನ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಹಣ್ಣು-ಹೂವಿನ ಘಮ. ಇದಕ್ಕೆ ಕ್ರಮವೇ ಬೇರೆ. ಲೋಟಕ್ಕೆ ಮೊದಲು ನೀರು, ಆಮೇಲೆ ಎಲೆ. 75 ಡಿಗ್ರಿ ದಾಟಬಾರದು. ಲಾಂಗ್‌ಜಿಂಗ್‌ಗೂ ಇದಕ್ಕೂ ಹೋಲಿಸಿದರೆ, ಹುರಿದ ಘಮ ಇಷ್ಟವಿದ್ದರೆ ಅದು, ಹೂವಿನ ಘಮ ಇಷ್ಟವಿದ್ದರೆ ಇದು. ಕೈಗೆ ಸುಲಭವಾಗಿದ್ದು ಮಾತ್ರ ಲಾಂಗ್‌ಜಿಂಗ್.

ಅನ್‌ಹುಯಿ ಪ್ರಾಂತ್ಯದ ಹುವಾಂಗ್‌ಶಾನ್ ಮಾವೋಫೆಂಗ್ ಇವೆರಡರ ನಡುವಿನದ್ದು. ಹದವಾದ ರುಚಿ, ಬೆಲೆಯೂ ಹದ. ಅದೇ ಪ್ರಾಂತ್ಯದ ತೈಪಿಂಗ್ ಹೌಕ್ವಿ ಬೆರಳುದ್ದದ ಎಲೆ. ನೋಡಲು ಚಂದ, ರುಚಿ ಬಹಳ ಹಗುರ. ಗಟ್ಟಿ ರುಚಿ ಬೇಕಾದವರಿಗೆ ಹಿಡಿಸುವುದಿಲ್ಲ.

ಗನ್‌ಪೌಡರ್ ಇದಕ್ಕೆಲ್ಲ ವಿರುದ್ಧ. ಝೆಜಿಯಾಂಗ್‌ನದ್ದೇ ಎಲೆ, ಆದರೆ ಸಣ್ಣ ಗುಂಡುಗಳಾಗಿ ಬಿಗಿಯಾಗಿ ಸುತ್ತಿದ್ದು. ಹೊಗೆಯ ಸುಳಿವು, ಜೋರು ಒಗರು. ಬೆಲೆ ಕಡಿಮೆ, ಬೇಗ ಹಾಳಾಗದು. ಮೊರಾಕ್ಕೋ ದೇಶದ ಜನ ಇದನ್ನು ಕೈತುಂಬ ಪುದೀನಾ, ಕೈತುಂಬ ಸಕ್ಕರೆ ಹಾಕಿ ಕಾಸಿ, ಎತ್ತರದಿಂದ ಲೋಟಕ್ಕೆ ಹೊಯ್ಯುತ್ತಾರೆ. ಸಕ್ಕರೆ ಇಲ್ಲದೆ ಟೀ ಒಳಗಿಳಿಯುವುದೇ ಇಲ್ಲ ಎನ್ನುವವರಿಗೆ ನಾನು ಹೇಳುವ ದಾರಿ ಇದು. ಲಾಂಗ್‌ಜಿಂಗ್‌ಗೆ ಸಕ್ಕರೆ ಹಾಕಿದರೆ ಲಾಂಗ್‌ಜಿಂಗೇ ಮಾಯವಾಗುತ್ತದೆ. ಗನ್‌ಪೌಡರ್ ಮಾತ್ರ ಸಕ್ಕರೆ, ಪುದೀನಾ ಎರಡನ್ನೂ ತಾಳಿಕೊಳ್ಳುತ್ತದೆ.

ಜಪಾನಿನ ಎಲೆಗಳು: ಸೆಂಚಾ, ಗ್ಯೊಕುರೊ, ಮಾಚಾ

ಇಲ್ಲಿ ಎರಡನೇ ಪ್ರಶ್ನೆ ಬರುತ್ತದೆ. ಗಿಡ ಬಿಸಿಲಲ್ಲಿ ಬೆಳೆಯಿತೋ, ನೆರಳಲ್ಲೋ?

ಎಲೆಯಲ್ಲಿ ಥಿಯಾನಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಸಿಹಿ, ದಪ್ಪ ರುಚಿ ಅದರದ್ದು. ಬಿಸಿಲು ಬಿದ್ದರೆ ಎಲೆಯಲ್ಲಿ ಥಿಯಾನಿನ್ ಕಡಿಮೆಯಾಗಿ ಕ್ಯಾಟೆಚಿನ್‌ಗಳು ಹೆಚ್ಚಾಗುತ್ತವೆ. ಒಗರು ಇವುಗಳದ್ದು. ಕೊಯ್ಲಿಗೆ ಸುಮಾರು ಮೂರು ವಾರ ಮೊದಲೇ ತೋಟದ ಮೇಲೆ ಚಪ್ಪರ ಹಾಕಿ ನೆರಳು ಮಾಡಿದರೆ ಥಿಯಾನಿನ್ ಹಾಗೇ ಉಳಿಯುತ್ತದೆ. ಬಿಸಿಲಿನ ಎಲೆ ಸೆಂಚಾ. ನೆರಳಿನ ಎಲೆ ಗ್ಯೊಕುರೊ. ನೆರಳಿನ ಎಲೆಯನ್ನೇ ಸುರುಳಿ ಮಾಡದೆ ಒಣಗಿಸಿ, ನಾರು ತೆಗೆದು, ಕಲ್ಲಿನಲ್ಲಿ ಬೀಸಿದರೆ ಮಾಚಾ.

ಜಪಾನಿನ ಮನೆಗಳಲ್ಲಿ ದಿನಾ ಕುಡಿಯುವುದು ಸೆಂಚಾ. ಹಬೆ ಹಾಯಿಸಿ, ಹೊಸಕುತ್ತಾ ಒಣಗಿಸಿ ಸೂಜಿಯಂಥ ಎಲೆ ಮಾಡುವ ಈ ಕ್ರಮವನ್ನು 1738ರಲ್ಲಿ ಕ್ಯೋಟೋ ಬಳಿಯ ಉಜಿ ಸೀಮೆಯ ನಾಗತಾನಿ ಸೋಯೆನ್ ರೂಪಿಸಿದರು ಎಂದು ಜಪಾನೀಯರು ನೆನೆಯುತ್ತಾರೆ. ಈಗ ಹೆಚ್ಚು ಬೆಳೆಯುವುದು ಶಿಝುವೊಕಾ ಮತ್ತು ದಕ್ಷಿಣದ ಕಾಗೊಶಿಮಾದಲ್ಲಿ. ಕೊಳ್ಳುವಾಗ ಒಂದು ವಿಷಯ ನೋಡಿ. ಮಾಮೂಲಿ ಸೆಂಚಾ ಅರೆ ನಿಮಿಷದಷ್ಟು ಹೊತ್ತು ಹಬೆಯಲ್ಲಿರುತ್ತದೆ. ಫುಕಾಮುಶಿ ಎಂದು ಬರೆದಿದ್ದರೆ ಅದರ ಎರಡು ಮೂರು ಪಟ್ಟು. ಹಾಗಾಗಿ ಎಲೆ ಪುಡಿಪುಡಿ, ಬಣ್ಣ ಗಾಢ ಹಸಿರು, ಒಗರು ಕಡಿಮೆ. ಸೆಂಚಾವನ್ನು ಮೊದಲ ಸಲ ತರಿಸುವವರು ಫುಕಾಮುಶಿಯನ್ನೇ ತರಿಸಿ. ಸಣ್ಣ ಕಣ್ಣಿನ ಜರಡಿ ಮಾತ್ರ ಬೇಕು.

ಸೆಂಚಾಕ್ಕೆ 150 ಮಿಲಿಗೆ 3-4 ಗ್ರಾಂ, 70-75 ಡಿಗ್ರಿ, ಒಂದು ನಿಮಿಷ. ಫುಕಾಮುಶಿಯಾದರೆ ಅರ್ಧ ನಿಮಿಷವೇ ಸಾಕು. ಕೊನೆಯ ಹನಿಯವರೆಗೂ ಬಗ್ಗಿಸಿಬಿಡಿ. ತಳದಲ್ಲಿ ನೀರು ಉಳಿದರೆ ಮುಂದಿನ ಲೋಟ ಕಹಿಯಾಗುತ್ತದೆ. ಎರಡನೇ ಸಲಕ್ಕೆ ಇನ್ನಷ್ಟು ಬಿಸಿ ನೀರು, ಆದರೆ ಹತ್ತು ಹದಿನೈದು ಸೆಕೆಂಡು ಮಾತ್ರ. ಎಲೆ ಆಗಲೇ ಬಿಚ್ಚಿಕೊಂಡಿರುತ್ತದಲ್ವಾ, ಅದಕ್ಕೆ.

ಗ್ಯೊಕುರೊ ಬೇರೆಯೇ ಲೋಕ. ಉಜಿ ಮತ್ತು ಕ್ಯೂಶು ದ್ವೀಪದ ಯಾಮೆ ಇದಕ್ಕೆ ಹೆಸರುವಾಸಿ. 5 ಗ್ರಾಂ ಎಲೆಗೆ 50-60 ಮಿಲಿ ನೀರು, ಅದೂ 50-60 ಡಿಗ್ರಿ, ಎರಡು ನಿಮಿಷ. ಸಿಗುವುದು ನಾಲ್ಕು ಗುಟುಕು. ದಪ್ಪ, ಉಪ್ಪು-ಸಿಹಿ, ತೀರಾ ಗಾಢ. ಬಾಯಾರಿಕೆಗೆ ಕುಡಿಯುವ ವಸ್ತುವಲ್ಲ. ಸೆಂಚಾ ರುಚಿಸಿದ ಮೇಲೆ, ಬಿಡುವಿದ್ದ ದಿನ, ಸ್ವಲ್ಪವೇ ತರಿಸಿ ಕುಡಿಯಿರಿ. ನನಗೆ ಇದಕ್ಕಿಂತ ಮೇಲಿನ ಗ್ರೀನ್ ಟೀ ಇಲ್ಲ, ಆದರೂ ಹೊಸಬರಿಗೆ ಇದನ್ನು ಹೇಳುವುದಿಲ್ಲ.

ಮಾಚಾದ ಮಾತು ಈಗ ಎಲ್ಲ ಕಡೆ. ಬೆಂಗಳೂರಿನ ಕೆಫೆಗಳಲ್ಲೂ ಹಾಲು ಬೆರೆಸಿ ಕೊಡುತ್ತಾರೆ. ಕಲ್ಲಿನ ಬೀಸುಗಲ್ಲು ಗಂಟೆಗೆ ಸುಮಾರು 40 ಗ್ರಾಂ ಪುಡಿ ಮಾತ್ರ ಕೊಡುತ್ತದೆ. ಬೇಡಿಕೆ ಏರಿದ ಹಾಗೆ 2024ರ ಕೊನೆಯ ಹೊತ್ತಿಗೆ ಕ್ಯೋಟೋ ಕಡೆಯ ಹಳೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಬೇಕಾಯಿತು. ಹಾಗಾಗಿ ತೀರಾ ಅಗ್ಗಕ್ಕೆ ಸಿಗುವ ಮಾಚಾ ಬಗ್ಗೆ ಎರಡು ಸಲ ಯೋಚಿಸಿ. ಬಿಸಿಲಿನ ಎಲೆಯನ್ನು ಸುಮ್ನೆ ಪುಡಿ ಮಾಡಿ ಅದೇ ಹೆಸರಿನಲ್ಲಿ ಮಾರುವುದುಂಟು. ಅದು ಹಳದಿ-ಹಸಿರು, ಒರಟು, ಕಹಿ. ನಿಜವಾದದ್ದು ಕಣ್ಣಿಗೆ ಹೊಳೆಯುವ ಹಸಿರು, ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರಿನಷ್ಟು ನುಣುಪು. ಡಬ್ಬಿಯ ಮೇಲೆ ‘ಸೆರೆಮೋನಿಯಲ್ ಗ್ರೇಡ್’ ಎಂದಿದ್ದರೆ ಅದನ್ನೇ ನಂಬಬೇಡಿ. ಆ ಮಾತಿಗೆ ಕಾನೂನಿನ ಅಳತೆ ಯಾವುದೂ ಇಲ್ಲ. ಎಲ್ಲಿ ಬೆಳೆದದ್ದು, ಯಾವಾಗ ಬೀಸಿದ್ದು ಎಂಬುದನ್ನು ನೋಡಿ. ಹಾಲಿಗೆ ಬೆರೆಸುವುದಾದರೆ ಮಧ್ಯಮ ದರ್ಜೆ ಸಾಕು. ನೀರಲ್ಲಿ ಕುಡಿಯುವುದಾದರೆ 2 ಗ್ರಾಂ ಜರಡಿ ಹಿಡಿದು, 80 ಡಿಗ್ರಿಯ 70 ಮಿಲಿ ನೀರು ಹಾಕಿ, ಬಿದಿರಿನ ಕಡಗೋಲಿನಿಂದ ಬೇಗ ಬೇಗ ಹಿಂದೆ ಮುಂದೆ ಆಡಿಸಿ ನೊರೆ ಬರಿಸಿ.

ಇನ್ನೆರಡು ಜಪಾನಿ ಟೀಗಳಿವೆ. ನಮ್ಮ ಮನೆಗಳಿಗೆ ತುಂಬ ಹೊಂದುತ್ತವೆ, ಆದರೆ ಇವುಗಳ ಸುದ್ದಿ ಯಾರೂ ಎತ್ತುವುದಿಲ್ಲ. ಒಂದು ಗೆನ್ಮೈಚಾ. ಸೆಂಚಾ ಅಥವಾ ಬಲಿತ ಎಲೆಗೆ ಹುರಿದ ಅಕ್ಕಿ ಬೆರೆಸಿದ್ದು. ಅರಳಿದ ಅಕ್ಕಿಕಾಳುಗಳೂ ನಡುವೆ ಕಾಣುತ್ತವೆ. ಅನ್ನ ಉಣ್ಣುವ ನಾಡಿನವರಿಗೆ ಈ ಘಮ ಮೊದಲ ಗುಟುಕಿಗೇ ಹಿಡಿಸುತ್ತದೆ. ಇನ್ನೊಂದು ಹೋಜಿಚಾ. ಬಲಿತ ಎಲೆ, ಕಡ್ಡಿಗಳನ್ನು ಕಂದಾಗುವವರೆಗೆ ಹುರಿದದ್ದು. ಕಹಿ ಇಲ್ಲ, ಒಗರು ಇಲ್ಲ, ಕೆಫೀನ್ ಕಡಿಮೆ. ಜಪಾನಿನಲ್ಲಿ ಮಕ್ಕಳಿಗೂ ವಯಸ್ಸಾದವರಿಗೂ ಕೊಡುತ್ತಾರೆ. ಇವೆರಡಕ್ಕೂ ನೀರಿನ ಚಿಂತೆ ಬೇಡ. ಕುದಿದ ನೀರನ್ನೇ ಹೊಯ್ದು ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟರಾಯಿತು. ಸಂಜೆ ಆರರ ಮೇಲೆ ಟೀ ಕುಡಿದರೆ ನಿದ್ದೆ ಬಾರದವರಿಗೆ ಹೋಜಿಚಾಕ್ಕಿಂತ ಒಳ್ಳೆಯದು ಈ ಪಟ್ಟಿಯಲ್ಲಿಲ್ಲ.

ನಮ್ಮ ದೇಶದ ಎಲೆ

ಭಾರತದಲ್ಲಿ ಗ್ರೀನ್ ಟೀ ಹೊಸದೆಂದು ತಿಳಿದವರು ಬಹಳ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 19ನೇ ಶತಮಾನದ ನಡುವಿನಲ್ಲೇ ಚೀನಾ ತಳಿಯ ಗಿಡ ನೆಟ್ಟರು. ಅಲ್ಲಿಯ ಗ್ರೀನ್ ಟೀ ಅಮೃತಸರದ ಮೂಲಕ ಕಾಬೂಲಿನವರೆಗೆ ಹೋಗುತ್ತಿತ್ತು. 1905ರ ಏಪ್ರಿಲ್ 4ರ ಭೂಕಂಪ ಆ ಕಣಿವೆಯನ್ನೇ ಉರುಳಿಸಿತು. ಕಾರ್ಖಾನೆಗಳು ಬಿದ್ದವು, ಬ್ರಿಟಿಷ್ ತೋಟಗಾರರು ತೋಟ ಮಾರಿ ಹೊರಟರು. ಉಳಿದ ಗಿಡಗಳಿಂದ ಇಂದಿಗೂ ಟೀ ಬರುತ್ತಿದೆ. 2005ರಲ್ಲಿ ಕಾಂಗ್ರಾ ಟೀಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಚೀನಾ ತಳಿಯಾದ್ದರಿಂದ ರುಚಿ ನವಿರು. ಲಾಂಗ್‌ಜಿಂಗ್ ದುಬಾರಿ ಎನಿಸಿದವರು ಕಾಂಗ್ರಾದ ಉದ್ದ ಎಲೆ ತರಿಸಿ ನೋಡಲೇಬೇಕು. ಇದಕ್ಕೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ ಎನ್ನುವ ಬೇಸರ ನನಗಿದೆ. ಕಾಶ್ಮೀರದ ಕಹ್ವಾ ಕೂಡ ಗ್ರೀನ್ ಟೀಯೇ. ಕೇಸರಿ, ಏಲಕ್ಕಿ, ದಾಲ್ಚಿನ್ನಿ ಹಾಕಿ ಕಾಸಿ, ಬಾದಾಮಿ ಚೂರು ಉದುರಿಸಿ ಕೊಡುತ್ತಾರೆ.

ನಮಗೆ ಹತ್ತಿರದ್ದು ನೀಲಗಿರಿ. ಮೈಸೂರು, ಬೆಂಗಳೂರಿನಿಂದ ಊಟಿ-ಕೂನೂರಿಗೆ ಹೋದವರು ಟೀ ಪ್ಯಾಕೆಟ್ ಇಲ್ಲದೆ ವಾಪಸಾಗುವುದು ಕಡಿಮೆ. ಅಲ್ಲಿ ಕೊಳ್ಳುವಾಗ ಪ್ಯಾಕೆಟ್ ಒಳಗಿನ ಎಲೆ ತೋರಿಸಲು ಕೇಳಿ. ಸಣ್ಣ ಗುಂಡು ಹರಳಿನಂತಿದ್ದರೆ ಅದು ಸಿಟಿಸಿ ಯಂತ್ರದಲ್ಲಿ ಕತ್ತರಿಸಿದ್ದು. ಹಾಲಿನ ಟೀಗೆ ಆ ಕ್ರಮ ಸರಿ, ಗ್ರೀನ್ ಟೀಗೆ ಅಲ್ಲ. ಕಡಿದ ಅಂಚುಗಳಿಂದ ಒಗರೆಲ್ಲ ಒಮ್ಮೆಲೇ ಇಳಿಯುತ್ತದೆ. ಹೊಸಕಿದ ಪೂರ್ತಿ ಎಲೆ ಕೇಳಿ. ಡಿಸೆಂಬರ್-ಜನವರಿಯ ಮಂಜಿನ ಕಾಲದ ಕೊಯ್ಲು ಸಿಕ್ಕರೆ ಬಿಡಬೇಡಿ. ಚಳಿಗೆ ಗಿಡ ನಿಧಾನವಾಗಿ ಚಿಗುರುತ್ತದೆ, ಘಮ ಹೆಚ್ಚು.

ಅಸ್ಸಾಮಿನ ಎಲೆ ದೊಡ್ಡದು, ಅದರ ತಳಿಯೇ ಬೇರೆ. ಕ್ಯಾಟೆಚಿನ್ ಜಾಸ್ತಿ, ಹಾಗಾಗಿ ಒಗರೂ ಜಾಸ್ತಿ. ನಿಂಬೆ, ಶುಂಠಿ ಹಾಕಿ ಕುಡಿಯುವವರಿಗೆ ಪರವಾಗಿಲ್ಲ. ಡಾರ್ಜಿಲಿಂಗ್‌ನಲ್ಲೂ ಒಳ್ಳೆಯ ಗ್ರೀನ್ ಟೀ ಮಾಡುತ್ತಾರೆ, ಘಮದಲ್ಲಿ ಹೂವಿನ ಛಾಯೆ ಇರುತ್ತದೆ.

ಕಹಿಯ ನಿಜವಾದ ಕಾರಣ: ನೀರು

ಥಿಯಾನಿನ್ ಕಡಿಮೆ ಬಿಸಿಯಲ್ಲೂ ಸುಲಭವಾಗಿ ನೀರಿಗಿಳಿಯುತ್ತದೆ. ಒಗರಿನ ಕ್ಯಾಟೆಚಿನ್‌ಗಳು, ಕಹಿಯ ಕೆಫೀನ್, ಎರಡೂ ಬಿಸಿ ಏರಿದಷ್ಟೂ ಹೆಚ್ಚು ಇಳಿಯುತ್ತವೆ. 70-80 ಡಿಗ್ರಿ ಎನ್ನುವ ಮಾತಿನ ಹಿಂದೆ ಇರುವುದು ಇಷ್ಟೇ ಲೆಕ್ಕ. ನಮ್ಮ ಅಭ್ಯಾಸ ಇದಕ್ಕೆ ಪೂರ್ತಿ ಉಲ್ಟಾ. ಪಾತ್ರೆಗೆ ಪುಡಿ ಹಾಕಿ ಒಲೆಯ ಮೇಲೆ ಕುದಿಸಿ ಬೆಳೆದವರು ನಾವು. ಗ್ರೀನ್ ಟೀಯನ್ನು ಒಲೆಯ ಮೇಲೆ ಇಡಲೇಬೇಡಿ. ನೀರು ಮಾತ್ರ ಕಾಯಲಿ, ಎಲೆ ಕೆಳಗಿರಲಿ.

ಥರ್ಮಾಮೀಟರ್ ಬೇಕಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕುದಿದ ನೀರನ್ನು ತಣ್ಣಗಿರುವ ಒಂದು ಪಾತ್ರೆಗೆ ಸುರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಇನ್ನೊಂದಕ್ಕೆ ಸುರಿದರೆ ಮತ್ತೆ ಹತ್ತಿರ ಹತ್ತಿರ ಅಷ್ಟೇ. ಎರಡು ಸಲ ಸುರಿದರೆ ಲಾಂಗ್‌ಜಿಂಗ್‌ಗೆ ಹದ, ಮೂರು ಸಲಕ್ಕೆ ಸೆಂಚಾಕ್ಕೆ ಹದ. ಎರಡು ಸ್ಟೀಲ್ ಲೋಟ ಸಾಕು. ಮಂಗಳೂರು, ಕಾರವಾರದವರು ಒಂದಿಷ್ಟು ಹೊತ್ತು ಹೆಚ್ಚು ಕಾಯಬೇಕು. ಚೀನೀಯರು ತಳದ ಗುಳ್ಳೆ ನೋಡಿ ಹೇಳುತ್ತಾರೆ: ಸೀಗಡಿಯ ಕಣ್ಣಿನಷ್ಟು ಪುಟ್ಟ ಗುಳ್ಳೆ ಎದ್ದಾಗ ಎಳೆಯ ಎಲೆಗೆ ನೀರು ತಯಾರು.

ನೀರಿನ ಗುಣವೂ ಮುಖ್ಯ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಎಷ್ಟು ಒಳ್ಳೆಯ ಎಲೆ ಹಾಕಿದರೂ ಟೀ ಮಂಕಾಗುತ್ತದೆ, ಬಣ್ಣ ಕಂದಾಗುತ್ತದೆ, ಮೇಲೆ ಪೊರೆ ಕಟ್ಟುತ್ತದೆ. ಕಾವೇರಿ ನೀರು ಬರುವ ಮನೆಯಾದರೆ ಅದನ್ನೇ ಸೋಸಿ ಬಳಸಿ. ಫಿಲ್ಟರಿನ ಆರ್‌ಒ ನೀರು ಗಡಸು ನೀರಿಗಿಂತ ಎಷ್ಟೋ ಮೇಲು, ರುಚಿ ಸ್ವಲ್ಪ ಚಪ್ಪೆ ಎನಿಸಬಹುದು.

ಎಲೆಯ ಅಳತೆಯಲ್ಲಿ ಚಮಚ ಮೋಸ ಮಾಡುತ್ತದೆ. ಗನ್‌ಪೌಡರ್ ಒಂದು ಸಣ್ಣ ಚಮಚಕ್ಕೆ 3 ಗ್ರಾಂ ತೂಗಬಹುದು. ಉದ್ದ ಹಗುರ ಎಲೆಯಾದರೆ ಅಷ್ಟೇ ತೂಕಕ್ಕೆ ಒಂದು ದೊಡ್ಡ ಚಮಚ ತುಂಬ ಬೇಕು. ಕಹಿಯಾಯಿತೆಂದು ಎಲೆ ಕಡಿಮೆ ಮಾಡುವವರೇ ಹೆಚ್ಚು. ಎಲೆ ಹಾಗೇ ಇರಲಿ, ಹೊತ್ತು ಕಡಿಮೆ ಮಾಡಿ. ಎಲೆ ಕಡಿಮೆ ಮಾಡಿ ಜಾಸ್ತಿ ಹೊತ್ತು ನೆನೆಸಿದರೆ ಬರೀ ಕಹಿ ಸಿಗುತ್ತದೆ, ಘಮ ಸಿಗುವುದಿಲ್ಲ.

ಇದೆಲ್ಲ ರಗಳೆ ಎನಿಸಿದರೆ ತಣ್ಣೀರಿನ ದಾರಿ ಇದೆ. ಒಂದು ಲೀಟರ್ ಕುಡಿಯುವ ನೀರಿಗೆ 10 ಗ್ರಾಂ ಎಲೆ ಹಾಕಿ ಫ್ರಿಜ್ಜಿನಲ್ಲಿ ನಾಲ್ಕರಿಂದ ಆರು ಗಂಟೆ ಬಿಡಿ. ಕಹಿ ಬರುವುದೇ ಇಲ್ಲ. ಏಪ್ರಿಲ್ ಬಿಸಿಲಿಗೆ, ಕಲಬುರಗಿ-ರಾಯಚೂರಿನ ಕಡೆಯವರಿಗೆ, ನಾನು ಮೊದಲು ಹೇಳುವುದು ಇದನ್ನೇ. ಸೆಂಚಾ, ನೀಲಗಿರಿ, ಎರಡೂ ತಣ್ಣೀರಿನಲ್ಲಿ ಚೆನ್ನಾಗಿ ಬಿಡುತ್ತವೆ.

ಬ್ಯಾಗೋ, ಬಿಡಿ ಎಲೆಯೋ

ಬ್ಯಾಗಿನಲ್ಲಿ ಹೆಚ್ಚಾಗಿ ಇರುವುದು ಜರಡಿಯಲ್ಲಿ ಕೆಳಗಿಳಿದ ಚೂರು ಮತ್ತು ಪುಡಿ. ಬೇಗ ಬಣ್ಣ ಬಿಡುತ್ತದೆ, ಬೇಗ ಕಹಿಯಾಗುತ್ತದೆ, ಎರಡನೇ ಲೋಟಕ್ಕೆ ಏನೂ ಉಳಿಯದು. ನಿಂಬೆ, ಜೇನು, ಪುದೀನಾ ಎಂದು ಬರೆದ ಬಹಳಷ್ಟು ಬ್ಯಾಗುಗಳಲ್ಲಿ ಆ ರುಚಿ ಬರುವುದು ಸುವಾಸನೆ ಬೆರೆಸಿದ್ದರಿಂದ. ಹಿಂಬದಿಯ ಪಟ್ಟಿ ಓದಿದರೆ ಗೊತ್ತಾಗುತ್ತದೆ. ನಿಂಬೆ ಬೇಕಿದ್ದರೆ ಸಾದಾ ಬ್ಯಾಗು ತಂದು ನಿಂಬೆಹಣ್ಣು ಹಿಂಡಿ. ಪ್ರಯಾಣಕ್ಕೆ, ಆಸ್ಪತ್ರೆಯಲ್ಲಿ ಕೂರುವಾಗ, ಹಾಸ್ಟೆಲ್ಲಿನಲ್ಲಿ ಬ್ಯಾಗು ಬೇಕೇ ಬೇಕು. ಆಗ ಒಂದೂವರೆ ನಿಮಿಷಕ್ಕೆ ತೆಗೆದುಬಿಡಿ. ಚಮಚದಲ್ಲಿ ಒತ್ತಿ ಹಿಂಡಬೇಡಿ. ಲೋಟದಲ್ಲೇ ಬಿಟ್ಟು ಮಾತಾಡುತ್ತಾ ಕೂತರೆ ಆ ಕಹಿಗೆ ಬ್ಯಾಗು ಹೊಣೆಯಲ್ಲ.

ಬಿಡಿ ಎಲೆಯ ಪ್ಯಾಕೆಟ್ಟಿನ ಬೆಲೆ ನೋಡಿ ಹಿಂಜರಿಯುವವರು ಒಂದು ಲೆಕ್ಕ ಹಾಕಿ. 50 ಗ್ರಾಂ ಎಲೆಯಲ್ಲಿ 3 ಗ್ರಾಮಿನಂತೆ ಹದಿನಾರು ಸಲ ಆಗುತ್ತದೆ. ಪ್ರತಿ ಸಲ ಮೂರು ಲೋಟವಾದರೆ ನಲವತ್ತೆಂಟು ಲೋಟ. ಬ್ಯಾಗಿನ ಬೆಲೆಯ ಪಕ್ಕ ಈ ಲೆಕ್ಕ ಇಟ್ಟು ನೋಡಿ.

ಆರೋಗ್ಯದ ಮಾತು

ತೂಕ ಇಳಿಸಲು ಗ್ರೀನ್ ಟೀ ಆರಿಸಬೇಡಿ. ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಇಳಿದ ತೂಕ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಎಂದು ಹೇಳಿತು. ಸಕ್ಕರೆ ಹಾಲಿನ ಟೀ ಬಿಟ್ಟು ಇದನ್ನು ಕುಡಿದರೆ ಅಷ್ಟು ಸಕ್ಕರೆ ಹೊಟ್ಟೆಗೆ ಹೋಗುವುದು ತಪ್ಪುತ್ತದೆ, ಆ ಲಾಭ ನಿಜ.

ನಮ್ಮ ಕಡೆ ಮುಖ್ಯವಾಗಿ ನೋಡಬೇಕಾದ್ದು ಕಬ್ಬಿಣದ ಅಂಶ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಟೀ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅಂಥವರು ಊಟದ ಜೊತೆ, ಊಟವಾದ ಕೂಡಲೇ ಗ್ರೀನ್ ಟೀ ಕುಡಿಯಬಾರದು. ಒಂದು ಗಂಟೆಯಾದರೂ ಬಿಡುವಿರಲಿ. ಬರಿ ಹೊಟ್ಟೆಗೆ ಕುಡಿದರೆ ಕೆಲವರಿಗೆ ವಾಕರಿಕೆ, ಹೊಟ್ಟೆಯುರಿ ಬರುತ್ತದೆ.

ಒಂದು ದೊಡ್ಡ ಲೋಟ ಗ್ರೀನ್ ಟೀಯಲ್ಲಿ ಕೆಫೀನ್ ಸುಮಾರು 30 ಮಿಲಿಗ್ರಾಂ. ಮಾಚಾದಲ್ಲಿ ಎಲೆಯನ್ನೇ ಕುಡಿಯುವುದರಿಂದ 2 ಗ್ರಾಮಿಗೆ 60ರ ಆಸುಪಾಸು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಕುಡಿಯಿರಿ. ಗ್ರೀನ್ ಟೀ ಸಾರದ ಮಾತ್ರೆಗಳಿಂದ ದೂರವಿರಿ. ಅವುಗಳಲ್ಲಿನ ಇಜಿಸಿಜಿ ಎಂಬ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಕೊಳ್ಳುವಾಗ, ಇಡುವಾಗ

ಗ್ರೀನ್ ಟೀ ಇಟ್ಟಷ್ಟೂ ಕೆಡುತ್ತದೆ. ಕೊನೆಯ ದಿನಾಂಕಕ್ಕಿಂತ ಕೊಯ್ಲಿನ ದಿನಾಂಕ ನೋಡಿ. ಚೀನಾದ ಹೊಸ ಎಲೆ ಏಪ್ರಿಲ್‌ನಲ್ಲಿ, ಜಪಾನಿನದ್ದು ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. ಜೂನ್-ಜುಲೈನಲ್ಲಿ ತರಿಸುವುದು ಒಳ್ಳೆಯ ಕಾಲ. ಅದೇ ಎಲೆ ಮುಂದಿನ ಫೆಬ್ರವರಿಯಲ್ಲಿ ರಿಯಾಯಿತಿಯಲ್ಲಿ ಸಿಕ್ಕರೆ ಬೇಡ. ಒಂದು ಸಲಕ್ಕೆ 50 ಗ್ರಾಂ ಸಾಕು. ತೆರೆದ ಪ್ಯಾಕೆಟ್ ಎರಡು ತಿಂಗಳಲ್ಲಿ ಮುಗಿಸಿ.

ಗಾಜಿನ ಬಾಟಲಿಯಲ್ಲಿಟ್ಟು ಚಂದಕ್ಕೆ ಶೆಲ್ಫಿನಲ್ಲಿಡಬೇಡಿ. ಬೆಳಕು ತಾಗಿದರೆ ಬಣ್ಣ, ಘಮ ಎರಡೂ ಹೋಗುತ್ತವೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಳ್ಳೆಯದು. ಸಾರಿನ ಪುಡಿ, ಇಂಗು ಇರುವ ಕಪಾಟಿನಿಂದ ದೂರ ಇಡಿ, ಎಲೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವವೇ ದೊಡ್ಡ ಶತ್ರು. ತೆರೆಯದ ಪ್ಯಾಕೆಟ್ಟನ್ನು ಫ್ರಿಜ್ಜಿನಲ್ಲಿಡಬಹುದು. ಹೊರಗೆ ತೆಗೆದ ಮೇಲೆ ಮನೆಯ ಬಿಸಿಗೆ ಬರುವವರೆಗೆ ಬಾಯಿ ಬಿಚ್ಚಬೇಡಿ, ಇಲ್ಲದಿದ್ದರೆ ಎಲೆಯ ಮೇಲೆ ನೀರು ಕಟ್ಟುತ್ತದೆ.

ಇಷ್ಟಾಗಿಯೂ ಎಲೆ ಹಳತಾಗಿ ಘಮ ಹೋಗಿದ್ದರೆ ಎಸೆಯಬೇಡಿ. ಬೂಷ್ಟು ಹಿಡಿದಿರಬಾರದು, ಅಷ್ಟೇ. ಎಣ್ಣೆ ಜಿಡ್ಡಿಲ್ಲದ ಒಣ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಲೆ ಹಾಕಿ ಕೈ ಬಿಡದೆ ಆಡಿಸುತ್ತಾ ಹುರಿಯಿರಿ. ಕೆಲವೇ ನಿಮಿಷಕ್ಕೆ ಹಸಿರು ಹೋಗಿ ಕಂದು ಬರುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ. ಹೊಗೆ ಏಳುವ ಮೊದಲೇ ಕೆಳಗಿಳಿಸಿ ತಟ್ಟೆಗೆ ಹರಡಿ. ಆರಿದ ಮೇಲೆ ಕುದಿಯುವ ನೀರು ಹೊಯ್ದು ಹೋಜಿಚಾ ತರಹವೇ ಕುಡಿಯಬಹುದು. ಒಂದು ಸಲಕ್ಕೆ ಎರಡು ಮೂರು ದಿನಕ್ಕಾಗುವಷ್ಟೇ ಹುರಿದುಕೊಳ್ಳಿ, ಹುರಿದ ಘಮ ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.